ಗ್ಯಾರೇಜಿನಲ್ಲಿ ಸಾಕಿದ ರೇಷ್ಮೆ

ಅಮೆರಿಕದ ಲಿವೋನಿಯಾದಲ್ಲಿ ನಮ್ಮ ಮನೆಯ ಹಿಂದೆ, ಬೇಲಿಗೆ ಒತ್ತಿಕೊಂಡು ಒಂದು ಮರ ಬೆಳೆದಿತ್ತು. ಅದರ ಬುಡ ಪಕ್ಕದ ಮನೆಯ ತಾತನ ಜಾಗದಲ್ಲಿ, ಅರ್ಧಕ್ಕರ್ಧ ಕೊಂಬೆಗಳು ನಮ್ಮ ಜಾಗದಲ್ಲಿ. ಯಾರೂ ನೆಟ್ಟ ಮರವಲ್ಲ. ಹಕ್ಕಿಗಳು ಉದುರಿಸಿದ ಬೀಜದಿಂದ ತನ್ನಷ್ಟಕ್ಕೆ ಎದ್ದು ನಿಂತದ್ದು. ಶಾಲೆಗೆ ಬೇಸಿಗೆ ರಜೆ ಬಿಟ್ಟ ಮೇಲೆ ಅದರ ಕಪ್ಪು ಹಣ್ಣುಗಳು ಹುಲ್ಲಿನ ಮೇಲೆ ಉದುರುತ್ತಿದ್ದವು. ನಾನು ಬರಿಗಾಲಲ್ಲಿ ಓಡಾಡಿ, ಸಿಕ್ಕಷ್ಟು ಬಾಯಿಗೆ ಹಾಕಿಕೊಂಡು, ಅಂಗಾಲೆಲ್ಲ ನೇರಳೆ ಬಣ್ಣ ಮಾಡಿಕೊಂಡು ಬಂದರೆ ಅಮ್ಮ ಹಿಂಬಾಗಿಲಲ್ಲೇ ತಡೆದು ಪೈಪಿನ ನೀರು ಬಿಟ್ಟು ಕಾಲು ತೊಳೆಸುತ್ತಿದ್ದಳು. ಪಕ್ಕದ ಮನೆಯ ತಾತನಿಗೆ ಆ ಮರ ಕಂಡರೆ ಆಗುತ್ತಿರಲಿಲ್ಲ. ಹಣ್ಣು ತಿಂದ ಹಕ್ಕಿಗಳು ಅವರ ಬಿಳಿ ಕಾರಿನ ಮೇಲೆ ಮಾಡುತ್ತಿದ್ದ ಕೆಲಸ ಅದಕ್ಕೆ ಕಾರಣ.

ಅದು ಯಾವ ಮರ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅಮ್ಮನೂ ಹೇಳಿರಲಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ, ಮೇ ತಿಂಗಳ ಕೊನೆಗೆ, ನಮ್ಮ ಟೀಚರು ಎಲ್ಲಿಂದಲೋ ರೇಷ್ಮೆ ಹುಳುವಿನ ಮೊಟ್ಟೆ ತರಿಸಿ ಕ್ಲಾಸಿನಲ್ಲಿ ಮರಿ ಮಾಡಿಸಿದರು. ಅವು ಕಪ್ಪು ದಾರದ ತುಂಡುಗಳ ಹಾಗಿದ್ದವು. ತಿನ್ನಲು ಹಸಿರು ಹಿಟ್ಟಿನಂಥ ಒಂದು ಪದಾರ್ಥವೂ ಜೊತೆಯಲ್ಲಿ ಬಂದಿತ್ತು. ಸೋಮವಾರವೂ ರಜೆ ಇದ್ದ ಆ ವಾರಾಂತ್ಯದಲ್ಲಿ ಹುಳುಗಳನ್ನು ಯಾರಾದರೂ ಮನೆಗೆ ಕೊಂಡೊಯ್ಯಬೇಕಿತ್ತು. ಟೀಚರು ಟೋಪಿಯಲ್ಲಿ ಚೀಟಿ ಹಾಕಿ ಎತ್ತಿದರು. ನನ್ನ ಹೆಸರು ಬಂತು.

ಶಾಲೆಯ ಬಸ್ಸಿನಲ್ಲಿ ಆ ಪ್ಲಾಸ್ಟಿಕ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಅಮ್ಮ ಬೀನ್ಸ್ ಸೋಸುತ್ತಿದ್ದಳು. ಡಬ್ಬಿಯೊಳಗೆ ಕಣ್ಣು ಹಾಯಿಸಿದವಳ ಕೈ ನಿಂತಿತು.

"ಏನೇ ಇದು?"

"ಸಿಲ್ಕ್‌ವರ್ಮ್ಸ್, ಅಮ್ಮ. ಫಾರ್ ದ ಲಾಂಗ್ ವೀಕೆಂಡ್."

"ರೇಷ್ಮೆ ಹುಳ ಅಂತ ನಂಗೂ ಗೊತ್ತು ಕಣೇ. ಇವು ಇಲ್ಲಿಗೆ ಹೆಂಗೆ ಬಂದ್ವು ಅಂತ ಕೇಳ್ತಿರೋದು."

ಅವಳು ಡಬ್ಬಿಯ ಮುಚ್ಚಳ ತೆಗೆದು ಆ ಹಸಿರು ಹಿಟ್ಟನ್ನು ಮೂಸಿ ಮುಖ ಕಿವುಚಿದಳು. "ಮದರಂಗಿ ಕಲಸಿಟ್ಟ ಹಂಗಿದೆ. ಇದನ್ನ ತಿಂತಾವಾ ಪಾಪ?" ಎಂದು, ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಹಿಂಬಾಗಿಲು ತೆರೆದು ಹೊರಟುಹೋದಳು. ವಾಪಸ್ಸು ಬಂದಾಗ ಸ್ವೆಟ್‌ಶರ್ಟಿನ ಮುಂಭಾಗವನ್ನು ಮಡಿಲಿನ ಹಾಗೆ ಎತ್ತಿ ಹಿಡಿದಿದ್ದಳು. ಅದರ ತುಂಬ ಬೇಲಿಯ ಮರದ ಎಳೆಯ ಎಲೆಗಳು. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೊತ್ತಂಬರಿ ಹೆಚ್ಚುವುದಕ್ಕಿಂತ ಸಣ್ಣಗೆ ಹೆಚ್ಚಿ ಹುಳುಗಳ ಮೇಲೆ ಉದುರಿಸಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ದಾರದ ತುಂಡು ತಲೆ ಎತ್ತಿತು. ಹಿಂದೆಯೇ ಎಲ್ಲವೂ ಹಿಟ್ಟು ಬಿಟ್ಟು ಎಲೆಯ ಕಡೆಗೆ ಹೊರಟವು.

"ಹಿಪ್ಪುನೇರಳೆ ಕಣೇ ಅದು. ನಾವು ಈ ಮನೆಗೆ ಬಂದ ದಿನಾನೇ ನೋಡಿದೀನಿ," ಎಂದಳು ಅಮ್ಮ.

"ವೈ ಡಿಡಂಟ್ ಯು ಟೆಲ್ ಮಿ?"

"ಏನಂತ ಹೇಳ್ಲಿ? ಆ ಸೊಪ್ಪಿನ ಮುಖ ಮತ್ತೆ ನೋಡಬಾರದು ಅಂದ್ಕೊಂಡಿದ್ದೋಳು ನಾನು."

ಚನ್ನಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಅಮ್ಮನ ತವರುಮನೆ ರೇಷ್ಮೆ ಹುಳು ಸಾಕುತ್ತಿತ್ತು. ಇಷ್ಟು ಮಾತ್ರ ನನಗೆ ಗೊತ್ತಿತ್ತು. ಮನೆಯ ನಡುಕೋಣೆ ಪೂರ್ತಿ ಹುಳುಗಳದ್ದು, ಮನುಷ್ಯರು ಮಲಗುತ್ತಿದ್ದದ್ದು ಜಗಲಿಯಲ್ಲಿ, ಶಾಲೆಗೆ ಹೋಗುವ ಮುಂಚೆ ಒಂದು ಹೊರೆ ಸೊಪ್ಪು ಬಿಡಿಸಿ ಹೋಗಬೇಕಿತ್ತು, ಹುಳು ದೊಡ್ಡದಾದ ವಾರದಲ್ಲಿ ಶಾಲೆಯೇ ಇಲ್ಲ – ಇದನ್ನೆಲ್ಲ ಆ ಸಂಜೆ ಹೇಳಿದಳು. ದೂರುವ ದನಿಯಲ್ಲಿ ಅಲ್ಲ. ಬೀನ್ಸ್ ಮುರಿಯುತ್ತ, ನಡುನಡುವೆ ಡಬ್ಬಿಯ ಕಡೆ ನೋಡುತ್ತ ಹೇಳಿದಳು.

ಅಪ್ಪ ಮೈಸೂರಿನವನು, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಆಫೀಸಿನಿಂದ ಬಂದವನು ಡಬ್ಬಿಯನ್ನೂ ಅಮ್ಮನನ್ನೂ ನೋಡಿ, "ಹುಳ ಸಾಕೋದಕ್ಕೆ ಮಿಷಿಗನ್‌ಗೆ ಬರಬೇಕಿತ್ತೇನೇ?" ಎಂದು ನಕ್ಕ. ಅಮ್ಮ, "ಬಾಗಿಲು ಹಾಕ್ರಿ, ಥಂಡಿ ಗಾಳಿ ತಗಲುತ್ತೆ ಅವಕ್ಕೆ," ಎಂದಳು.

ಮಂಗಳವಾರ ಡಬ್ಬಿ ಶಾಲೆಗೆ ವಾಪಸ್ಸು ಹೋಯಿತು. ಆದರೆ ಎಲೆಯ ರುಚಿ ನೋಡಿದ ಹುಳುಗಳು ಹಿಟ್ಟನ್ನು ಮುಟ್ಟಲೇ ಇಲ್ಲ. ಎರಡು ದಿನ ಕಾದು ನೋಡಿ ಟೀಚರು ಮನೆಗೆ ಫೋನು ಮಾಡಿದರು. ಕಡೆಗೆ ಆದ ತೀರ್ಮಾನವೇನೆಂದರೆ, ಹುಳುಗಳು ನಮ್ಮ ಮನೆಯಲ್ಲೇ ಬೆಳೆಯಬೇಕು, ನಾನು ಬೆಳಿಗ್ಗೆ ಕ್ಲಾಸಿನ ಮುಂದೆ ನಿಂತು ಅವುಗಳ ಸಮಾಚಾರ ಹೇಳಬೇಕು. ಅದುವರೆಗೆ ಕ್ಲಾಸಿನಲ್ಲಿ ನನ್ನ ದನಿ ಕೇಳಿದವರು ಕಡಿಮೆ. ಆಮೇಲೆ ಎಲ್ಲರೂ ನನ್ನನ್ನು ಹುಡುಕಿಕೊಂಡು ಬಂದು ಮಾತಾಡಿಸುತ್ತಿದ್ದರು.

ಒಂದು ಬೆಳಿಗ್ಗೆ ಹುಳುಗಳೆಲ್ಲ ತಲೆ ಎತ್ತಿ ಅಲುಗಾಡದೆ ಕೂತಿದ್ದವು. ಎಲೆ ಹಾಗೆಯೇ ಬಿದ್ದಿತ್ತು. ನಾನು ಗಾಬರಿಯಾಗಿ ಅಮ್ಮನನ್ನು ಕರೆದೆ. ಅವಳು ಬಗ್ಗಿ ನೋಡಿ, "ಏನೂ ಇಲ್ಲ, ಜ್ವರಕ್ಕೆ ಕೂತಿವೆ. ಎರಡನೇ ಜ್ವರ," ಎಂದಳು. ನಾನು ಶಾಲೆಗೆ ಹೋಗಿ ಹುಳುಗಳಿಗೆಲ್ಲ ಜ್ವರ ಬಂದಿದೆ ಎಂದು ವರದಿ ಒಪ್ಪಿಸಿದೆ. ಒಬ್ಬ ಹುಡುಗಿ ಅತ್ತೇಬಿಟ್ಟಳು. ಸಂಜೆ ನಾನು ಮನೆಗೆ ಬಂದು ಔಷಧಿ ಕೊಡೋಣ ಎಂದು ಹಟ ಹಿಡಿದಾಗಲೇ ಅಮ್ಮನಿಗೆ ವಿಷಯ ತಿಳಿದದ್ದು. ಹುಳು ಹಳೆಯ ಚರ್ಮ ಕಳಚಿ ಹೊಸದು ಹಾಕಿಕೊಳ್ಳುವ ಮುಂಚೆ ಊಟ ಬಿಟ್ಟು ಸುಮ್ಮನೆ ಕೂರುತ್ತದೆ, ಅವರ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ ಎಂದು ವಿವರಿಸುತ್ತ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಮ್ಮ ಅಷ್ಟು ನಕ್ಕದ್ದನ್ನು ನಾನು ಆ ಊರಿನಲ್ಲಿ ನೋಡಿದ್ದೇ ಅಪರೂಪ.

ಆ ದಿನಗಳಲ್ಲಿ ಅವಳಿಗೆ ಇದ್ದ ಗೆಳತಿ ಒಬ್ಬರೇ. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ, ಅಮ್ಮ ಅಕ್ಕ ಎನ್ನುತ್ತಿದ್ದಳು. ಅವರೂ ಅವರ ಗಂಡನೂ ನಮ್ಮ ಮನೆಯಿಂದ ಮೂರು ಮೈಲಿ ದೂರದಲ್ಲಿ ಬಟ್ಟೆ ಆಲ್ಟರೇಷನ್ ಅಂಗಡಿ ಇಟ್ಟಿದ್ದರು. ಅಮ್ಮನ ಚಳಿಗಾಲದ ಕೋಟು ಸರಿಮಾಡಿಸಲು ಮೊದಲ ಸಲ ಹೋದಾಗ ಅವಳು ಅಪ್ಪನಿಗೆ, "ತೋಳು ತುಂಬ ಉದ್ದ ಆಯ್ತು ರೀ," ಎಂದಳಂತೆ. ಕೌಂಟರಿನ ಹಿಂದಿನಿಂದ ತಲೆಗೆ ದುಪಟ್ಟಾ ಹೊದ್ದ ಹೆಂಗಸು, "ಎಷ್ಟು ಉದ್ದ ಆಯ್ತು ಹೇಳಮ್ಮ, ಕಮ್ಮಿ ಮಾಡ್ಕೊಡ್ತೀನಿ," ಎಂದರಂತೆ. ಅವರು ರಾಮನಗರದವರು. ಅಲ್ಲಿ ಅವರ ತಂದೆ ರೇಷ್ಮೆಗೂಡು ಕೊಂಡು, ಬೇಯಿಸಿ, ನೂಲು ತೆಗೆಸುವ ರೀಲರ್ ಆಗಿದ್ದರು. ಅಮ್ಮನ ತಂದೆ ಗೂಡು ಮಾರಲು ಹೋಗುತ್ತಿದ್ದದ್ದೂ ಅದೇ ಊರಿನ ಹರಾಜು ಮಾರುಕಟ್ಟೆಗೆ.

"ನಿಮ್ಮಪ್ಪನಂಥೋರು ಕೂಗೋ ರೇಟಿಗೆ ನಮ್ಮಪ್ಪ ಮನೆಗೆ ಬಂದು ಊಟಾನೇ ಮಾಡ್ತಿರಲಿಲ್ಲ ಅಕ್ಕ," ಎಂದು ಅಮ್ಮ ರೇಗಿಸುತ್ತಿದ್ದಳು.

"ನಿಮ್ಮಪ್ಪನಂಥೋರು ಒದ್ದೆ ಗೂಡು ತಂದು ಸುರಿದ್ರೆ ಇನ್ನೇನು ಕೂಗ್ತಾರಮ್ಮ?" ಎಂದು ಆಂಟಿ ತಿರುಗಿ ಹೇಳುತ್ತಿದ್ದರು.

ಹುಳುವಿನ ಸುದ್ದಿ ಕೇಳಿ ಆಂಟಿ ಒಂದು ಭಾನುವಾರ ಮಧ್ಯಾಹ್ನ ಬಂದರು. ಹುಳುಗಳು ಅಷ್ಟು ಹೊತ್ತಿಗೆ ನನ್ನ ಕಿರುಬೆರಳಿನಷ್ಟಾಗಿ, ಬೆಳ್ಳಗಾಗಿ, ಡಬ್ಬಿಯಲ್ಲಿ ಹಿಡಿಸದೆ ಗ್ಯಾರೇಜಿಗೆ ಸ್ಥಳಾಂತರವಾಗಿದ್ದವು. ಅಪ್ಪನ ಕಾರು ಹೊರಗೆ ನಿಂತಿತ್ತು. ಅದರ ಜಾಗದಲ್ಲಿ ಒಂದು ಹಳೆಯ ಟೇಬಲ್ಲು, ಮೇಲೆ ಪೇಪರು, ಅದರ ಮೇಲೆ ಹುಳುಗಳು. ಆಂಟಿ ಬಾಗಿಲಲ್ಲೇ ನಿಂತುಬಿಟ್ಟರು.

"ಬನ್ನಿ ಅಕ್ಕ, ಹತ್ತಿರ ಬನ್ನಿ."

"ಬೇಡಮ್ಮ, ಇಲ್ಲಿಂದಾನೇ ನೋಡ್ತೀನಿ."

"ಯಾಕೆ? ರೀಲರ್ ಮಗಳಾಗಿ ಹುಳಕ್ಕೆ ಹೆದರ್ತೀರಾ?"

"ನಾನು ಬದುಕಿರೋ ಹುಳ ನೋಡೇ ಇಲ್ಲ ಕಣಮ್ಮ," ಎಂದರು ಆಂಟಿ. "ನಮ್ಮನೆಗೆ ಮೂಟೇಲಿ ಗೂಡು ಬರೋದು. ಆಮೇಲೆ ಬಿಸಿನೀರಿನ ಬಾಂಡ್ಲಿ. ಒಳಗಿರೋದು ಸತ್ತ ಮೇಲೇನೇ ನಾನು ನೋಡಿರೋದು."

ಅಮ್ಮ ಒಂದು ಹುಳುವನ್ನು ಎತ್ತಿ ನನ್ನ ಅಂಗೈ ಮೇಲೆ ಬಿಟ್ಟಳು. ನಾನು ಅದನ್ನು ಆಂಟಿಯ ಕೈಗೆ ದಾಟಿಸಿದೆ. ಅವರು ಕೈಯನ್ನು ಮೈಯಿಂದ ದೂರಕ್ಕೆ ಚಾಚಿ ಹಿಡಿದರು. ಹುಳು ಅವರ ಬೆರಳಿನ ಮೇಲೆ ತಣ್ಣಗೆ ಹರಿದು ಬಳೆಯ ಹತ್ತಿರ ಹೋಗಿ ನಿಂತಿತು. "ಎಷ್ಟು ಮೆತ್ತಗಿದೆ," ಎಂದರು. ಆಮೇಲೆ ಬಹಳ ಹೊತ್ತು ಅದನ್ನು ಕೆಳಗಿಡಲಿಲ್ಲ.

ಅಲ್ಲಿಂದ ಮುಂದಿನ ಸಂಜೆಗಳು ನನ್ನ ಬಾಲ್ಯದಲ್ಲೇ ಅತ್ಯಂತ ಸುಖದ ಸಂಜೆಗಳು. ಜೂನ್ ತಿಂಗಳಲ್ಲಿ ಅಲ್ಲಿ ಊಟವಾದ ಮೇಲೂ ಹೊತ್ತು ಮುಳುಗುವುದಿಲ್ಲ. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿರುತ್ತಿತ್ತು. ಎರಡು ಮಡಚುವ ಕುರ್ಚಿಗಳಲ್ಲಿ ಅಮ್ಮ ಮತ್ತು ಆಂಟಿ, ಸಿಮೆಂಟಿನ ತಣ್ಣನೆಯ ನೆಲದ ಮೇಲೆ ನಾನು. ಸೊಪ್ಪು ಕಿತ್ತು ತರುವುದು ನನ್ನ ಕೆಲಸ. ಮೊದಲ ದಿನ ನಾನು ಬೇಲಿ ಹತ್ತಿ ಕೊಂಬೆ ಎಳೆಯುವುದನ್ನು ಕಂಡ ಪಕ್ಕದ ಮನೆಯ ತಾತ, ಮರ ಬೇಕಿದ್ದರೆ ಬುಡ ಸಮೇತ ತೆಗೆದುಕೊಂಡು ಹೋಗು ಎಂದಿದ್ದರು. ವಿಷಯ ತಿಳಿದ ಮೇಲೆ ತಾವೇ ಏಣಿ ಹಾಕಿ ಮೇಲಿನ ಕೊಂಬೆಗಳನ್ನು ಕಡಿದು ಬೇಲಿಯ ಮೇಲಿಂದ ಇಳಿಸುತ್ತಿದ್ದರು. ಹುಳುಗಳು ಎಲೆ ತಿನ್ನುವ ಸದ್ದು, ಯಾರೋ ಪಕ್ಕದ ಕೋಣೆಯಲ್ಲಿ ಒಂದೇ ಸಮನೆ ಕಾಗದ ಮಡಚುತ್ತಿರುವ ಹಾಗೆ ಕೇಳಿಸುತ್ತಿತ್ತು. ರಸ್ತೆಯಲ್ಲಿ ಐಸ್‌ಕ್ರೀಮ್ ಗಾಡಿ ಗಂಟೆ ಬಾರಿಸುತ್ತ ಹೋದರೂ ನಾನು ಏಳುತ್ತಿರಲಿಲ್ಲ.

ಅವರಿಬ್ಬರೂ ಮಾತಾಡುತ್ತಿದ್ದರು. ಅವರು ಮಾತಾಡಿದ್ದರಲ್ಲಿ ಅರ್ಧ ನನಗೆ ಅರ್ಥವಾಗುತ್ತಿರಲಿಲ್ಲ. ಕನ್ನಡ ಓದಲು ಬರೆಯಲು ನಾನು ಕಲಿತದ್ದು ಎಷ್ಟೋ ವರ್ಷದ ಮೇಲೆ, ಅಮ್ಮನ ಪಕ್ಕ ಕೂತು. ಆದರೂ ಕೆಲವು ಮಾತು ಹಾಗೇ ಉಳಿದಿವೆ. ಗೂಡು ಬೇಯಿಸುವ ವಾಸನೆ ಬಟ್ಟೆಗೆಲ್ಲ ಹತ್ತಿ ಶಾಲೆಯಲ್ಲಿ ಪಕ್ಕದ ಹುಡುಗಿ ದೂರ ಸರಿದು ಕೂರುತ್ತಿದ್ದಳು ಎಂದು ಆಂಟಿ ಹೇಳಿದ್ದು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಹುಳುಗಳ ಹಸಿವು ಜೋರಾಗಿತ್ತು, ಪುಸ್ತಕ ಸೊಪ್ಪಿನ ಬುಟ್ಟಿಯಲ್ಲೇ ಇರುತ್ತಿತ್ತು ಎಂದು ಅಮ್ಮ ಹೇಳಿದ್ದು. "ಆಗ ಶಾಪ ಹಾಕ್ತಿದ್ದೆ ಇವಕ್ಕೆ," ಎಂದಳು ಅಮ್ಮ. ಇನ್ನೊಂದು ಹಿಡಿ ಸೊಪ್ಪು ಹಾಕಿ, "ಈಗ ನೋಡಿ, ಬೇಕು ಅಂತ ಕೂತಿದೀನಿ," ಎಂದಳು.

ನನಗೆ ಆಟವಾಗಿದ್ದದ್ದು ಅವರಿಬ್ಬರಿಗೂ ಒಂದು ಕಾಲಕ್ಕೆ ಜೀತದಂಥ ಕೆಲಸವಾಗಿತ್ತು ಎನ್ನುವುದು ನನಗೆ ದೊಡ್ಡವಳಾದ ಮೇಲೆ ಹೊಳೆಯಿತು. ಹಾಗಿದ್ದೂ ಅವರು ನನ್ನ ಸುಖಕ್ಕೆ ಅಡ್ಡ ಬರಲಿಲ್ಲ, ನಿನಗೇನು ಗೊತ್ತು ಎನ್ನಲಿಲ್ಲ. ಬಹುಶಃ ಕೆಲಸ ತಲೆಯ ಮೇಲೆ ಕೂತಿದ್ದಾಗ ಕಣ್ಣಿಗೆ ಬೀಳದೆ ಹೋದದ್ದನ್ನು ಅವರೂ ಆಗ ನೋಡುತ್ತಿದ್ದರು.

ಒಂದು ದಿನ ಅಮ್ಮ ಹುಳುವೊಂದನ್ನು ಬೆಳಕಿಗೆ ಹಿಡಿದು, "ಹಣ್ಣಾಗಿದೆ," ಎಂದಳು. ಅದರ ಮೈ ತಿಳಿಯಾಗಿ, ನಸು ಹಳದಿಗೆ ತಿರುಗಿತ್ತು. ಊಟ ಬಿಟ್ಟು ತಲೆ ಅತ್ತಿತ್ತ ಆಡಿಸುತ್ತ ಗೂಡು ಕಟ್ಟಲು ಜಾಗ ಹುಡುಕುತ್ತಿತ್ತು. ಟೀಚರು ಅದಕ್ಕೆಂದು ಕೋಳಿಮೊಟ್ಟೆಯ ರಟ್ಟಿನ ಟ್ರೇಗಳನ್ನು ಕಳಿಸಿದ್ದರು. ಅಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. ಅಪ್ಪ ಆಫೀಸಿನಿಂದ ತಂದ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದಳು. ಆಂಟಿ ಅಂಗಡಿಯ ದಪ್ಪ ಸೂಜಿ ತಂದರು. ಇಬ್ಬರೂ ಕೂತು ಆ ಪಟ್ಟಿಗಳನ್ನು ಸುರುಳಿ ಸುತ್ತಿ, ತಳಕ್ಕೆ ಇನ್ನೊಂದು ರಟ್ಟು ಹೊಲಿದು, ಜಿಲೇಬಿಯಂಥ ಒಂದು ಚಂದ್ರಿಕೆ ಮಾಡಿದರು. ಹುಳುಗಳನ್ನು ಒಂದೊಂದಾಗಿ ಆ ಸಂದುಗಳಲ್ಲಿ ಬಿಟ್ಟದ್ದು ನಾನು. ಮರುದಿನ ನೋಡಿದರೆ ಪ್ರತಿಯೊಂದೂ ಮಂಜಿನಂಥ ಪರದೆಯೊಳಗೆ ಕೂತು ಬಾಯಿಂದ ನೂಲು ಎಳೆಯುತ್ತಿತ್ತು. ಅದರ ಮುಂದಿನ ದಿನ ಪರದೆ ಮುಚ್ಚಿಕೊಂಡಿತು. ಕಡೆಗೆ ಚಂದ್ರಿಕೆಯ ತುಂಬ ಕಡಲೆಕಾಯಿಯಂಥ ಬಿಳಿಯ ಗೂಡುಗಳು.

ಗೂಡು ಬಿಡಿಸಿದ ದಿನ ಆಂಟಿ ಒಂದೊಂದನ್ನೂ ಒತ್ತಿ ನೋಡಿದರು. ಅದು ಅವರ ಕ್ಷೇತ್ರ. "ಗಟ್ಟಿ ಇದೆ. ಚೆನ್ನಾಗಿ ಸಾಕಿದೀಯ ಕಣಮ್ಮ," ಎಂದರು. ಅಮ್ಮ ಮುಖ ತಿರುಗಿಸಿ ಟೇಬಲ್ಲು ಒರೆಸಿದಳು. ಆಂಟಿ ಉತ್ಸಾಹದಲ್ಲಿ, "ಸರಿ, ನೀರು ಕಾಯೋಕೆ ಇಡು. ನೂಲು ಹೆಂಗೆ ಬರುತ್ತೆ ಅಂತ ಮಗೂಗೆ ತೋರಿಸ್ತೀನಿ," ಎಂದರು.

ಬಿಸಿನೀರು ಎಂದರೆ ಏನೆಂದು ನಾನು ಅಷ್ಟು ದಿನ ಕೇಳಿ ಕೇಳಿ ತಿಳಿದುಕೊಂಡಿದ್ದೆ. ಗೂಡಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಗೋಡೆಗೆ ಒರಗಿ ನಿಂತೆ.

"ನೋ. ದೇ ಆರ್ ಸ್ಟಿಲ್ ಇನ್‌ಸೈಡ್."

"ಒಂದೆರಡು ಕೊಡೇ ಸಾಕು," ಎಂದಳು ಅಮ್ಮ.

"ಒಂದೂ ಕೊಡಲ್ಲ!" ಅದನ್ನು ನಾನು ಕನ್ನಡದಲ್ಲೇ ಹೇಳಿದೆ. ಅವರಿಬ್ಬರಿಗೂ ಅರ್ಥವಾಗಲೇಬೇಕೆಂದು ಇರಬೇಕು.

ಆಂಟಿಗೆ ಕೋಪ ಬರುತ್ತದೆ ಎಂದುಕೊಂಡೆ. ಅವರು ಅಮ್ಮನ ಮುಖ ನೋಡಿದರು. ಅಮ್ಮ ಕುರ್ಚಿಯಲ್ಲಿ ಕೂತು, "ಅಕ್ಕ, ಚಿಟ್ಟೆ ಹೊರಗೆ ಬರೋದು ನೀವು ನೋಡಿದೀರಾ?" ಎಂದು ಕೇಳಿದಳು.

"ಎಲ್ಲಮ್ಮ? ಚಿಟ್ಟೆ ಬಂದ್ರೆ ಗೂಡು ತೂತು ಬಿದ್ದುಹೋಗುತ್ತಲ್ಲ. ತೂತು ಗೂಡು ಕಂಡ್ರೆ ನಮ್ಮಪ್ಪ ಕೆಂಡ ಆಗೋರು. ಯಾಕೆ, ನೀನು ನೋಡಿಲ್ವಾ?"

"ಇಲ್ಲ ಅಕ್ಕ. ಗೂಡು ಬಿಡಿಸಿದ ತಕ್ಷಣ ಮಾರ್ಕೆಟ್ಟಿಗೆ. ಆಮೇಲೆ ಏನಾಗುತ್ತೆ ಅಂತ ನಾವೂ ನೋಡಿಲ್ಲ."

ಆಂಟಿಯೂ ಪಕ್ಕದ ಕುರ್ಚಿಯಲ್ಲಿ ಕೂತರು. ಅಷ್ಟು ವರ್ಷ ಅದರ ಅನ್ನ ಉಂಡು ಬೆಳೆದ ಇಬ್ಬರು ಹೆಂಗಸರು, ಆ ಹುಳುವಿನ ಬದುಕಿನ ಕೊನೆಯ ಅಂಕವನ್ನು ಕಂಡೇ ಇರಲಿಲ್ಲ. ಆಂಟಿಯೇ ಮೊದಲು ಎದ್ದರು. ಬುಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳದೆ, ಅದರ ಮೇಲೆ ತಮ್ಮ ದುಪಟ್ಟಾದ ತುದಿ ಹೊದಿಸಿ, "ಇರ್ಲಿ ಬಿಡು. ನೋಡೇಬಿಡಾಣ," ಎಂದರು.

ಶಾಲೆಗೆ ರಜೆ ಬಂತು. ಗೂಡುಗಳಲ್ಲಿ ಅರ್ಧ ಟೀಚರು ತೆಗೆದುಕೊಂಡು ಹೋದರು. ಉಳಿದವನ್ನು ನಾನು ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಒಂದು ಸಲ, ಆಮೇಲೆ ನೆನಪಾದಾಗಲೆಲ್ಲ ಹೋಗಿ ನೋಡುತ್ತಿದ್ದೆ. ಏನೂ ಇಲ್ಲ. ಕಾದು ಕಾದು ಆಸೆ ಬಿಡುವ ಹೊತ್ತಿಗೆ, ಒಂದು ಬೆಳಿಗ್ಗೆ ಗೂಡೊಂದರ ತುದಿ ಒದ್ದೆಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅಮ್ಮ ಓಡಿಹೋಗಿ ಆಂಟಿಗೆ ಫೋನು ಮಾಡಿದಳು. ಆಂಟಿ ಅಂಗಡಿಯನ್ನು ಗಂಡನಿಗೆ ಬಿಟ್ಟು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿದ್ದಂತೆ ಬಂದಿಳಿದರು.

ಮೊದಲು ಎರಡು ಕಾಲು ಕಂಡವು. ಆಮೇಲೆ ಒದ್ದೆ ತಲೆ. ಅದು ಹೊರಬರಲು ಹೆಣಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೆಣಗುತ್ತಿತ್ತು. ನಾನು ಬೆರಳು ಮುಂದೆ ಮಾಡಿದಾಗ ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಕಡೆಗೆ ಇಡೀ ದೇಹ ಹೊರಗೆ ಜಾರಿತು. ಮುದ್ದೆಯಾಗಿದ್ದ ರೆಕ್ಕೆಗಳು ನೋಡುತ್ತಿದ್ದ ಹಾಗೆ ಬಿಚ್ಚಿಕೊಂಡವು. ಕೆನೆ ಬಣ್ಣ, ಮೈ ತುಂಬ ನಯವಾದ ರೋಮ, ತಲೆಯ ಮೇಲೆ ಬಾಚಣಿಗೆಯಂಥ ಎರಡು ಮೀಸೆ. ಹಾರುತ್ತದೆ ಎಂದು ನಾನು ಗ್ಯಾರೇಜಿನ ಬಾಗಿಲು ಪೂರ್ತಿ ಎತ್ತಿದೆ. ಅದು ಹಾರಲಿಲ್ಲ. ರೆಕ್ಕೆ ಬಡಿಯುತ್ತ ಪೇಪರಿನ ಮೇಲೆ ನಡೆದಾಡಿತು, ಅಷ್ಟೇ.

"ಹಾರೋಕೆ ಬರಲ್ಲ ಪಾಪಕ್ಕೆ," ಎಂದರು ಆಂಟಿ.

"ಬಾಯೂ ಇಲ್ಲ ನೋಡಿ ಅಕ್ಕ. ಏನೂ ತಿನ್ನೋ ಹಂಗಿಲ್ಲ," ಎಂದಳು ಅಮ್ಮ. "ಇಷ್ಟು ಚೆನ್ನಾಗಿರುತ್ತೆ ಅಂತ ಅಂದ್ಕೊಂಡಿರಲಿಲ್ಲ."

ಮೂರು ನಾಲ್ಕು ದಿನ ಅವು ಒಂದೊಂದಾಗಿ ಹೊರಬಂದವು. ಜೊತೆಯಾಗಿ, ಪೇಪರಿನ ಮೇಲೆ ಸಾಸಿವೆಯಂಥ ಮೊಟ್ಟೆ ಇಟ್ಟು, ಒಂದು ವಾರದೊಳಗೆ ಸತ್ತೂ ಹೋದವು. ನಾನು ಅತ್ತೆ ಎಂದು ನೆನಪು. ಅಪ್ಪ ಬೇಲಿಯ ಮರದ ಬುಡದಲ್ಲಿ ಚಿಕ್ಕ ಗುಂಡಿ ತೋಡಿಕೊಟ್ಟ. ಮೊಟ್ಟೆಗಳನ್ನು ಅಮ್ಮ ಫ್ರಿಜ್ಜಿನಲ್ಲಿ ಇಟ್ಟು ನೋಡಿದಳು. ಮುಂದಿನ ವಸಂತದಲ್ಲಿ ಅವು ಒಡೆಯಲಿಲ್ಲ.

ಒಂದು ಗೂಡು ಮಾತ್ರ ಹಾಗೇ ಉಳಿಯಿತು. ಅಮ್ಮ ಕಿವಿಯ ಹತ್ತಿರ ಅಲುಗಾಡಿಸಿ, ಒಳಗಿನದು ಒಣಗಿದೆ ಎಂದಳು. ಈಗ ನಾನೇ ಅದನ್ನು ಆಂಟಿಯ ಕೈಗೆ ಕೊಟ್ಟೆ. ಅವರು ಚಿಕ್ಕ ಪಾತ್ರೆಯಲ್ಲಿ ನೀರು ಕುದಿಸಿ, ಗೂಡು ಹಾಕಿ, ಹಳೆಯ ಟೂತ್‌ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರು. ಎಳೆಯ ತುದಿ ಸಿಕ್ಕಿತು. ಅದು ಕಣ್ಣಿಗೆ ಕಾಣುವಂಥದ್ದಲ್ಲ, ಬೆಳಕಿಗೆ ಹಿಡಿದಾಗ ಮಾತ್ರ ಮಿನುಗುತ್ತಿತ್ತು. "ಹಿಡ್ಕೊಂಡು ನಡಿ, ನಿಧಾನಕ್ಕೆ," ಎಂದರು. ನಾನು ಅಡುಗೆಮನೆಯಿಂದ ಹಿಂಬಾಗಿಲಿಗೆ, ಹಿಂಬಾಗಿಲಿಂದ ಹುಲ್ಲಿನ ಮೇಲೆ ನಡೆದೆ. ಪಾತ್ರೆಯಲ್ಲಿ ಗೂಡು ಕುಣಿಯುತ್ತಿತ್ತಂತೆ. ನನ್ನ ಬೆರಳುಗಳ ನಡುವೆ ಏನೋ ಇದೆ ಎನ್ನುವುದಷ್ಟೇ ನನಗೆ ಗೊತ್ತಾಗುತ್ತಿತ್ತು. ಬೇಲಿ ಮುಟ್ಟಿದೆ, ಇನ್ನೂ ಮುಗಿದಿರಲಿಲ್ಲ. ಕಿಟಕಿಯಲ್ಲಿ ಅಮ್ಮ ಕೈ ಬೀಸಿದಳು. ನಾನೂ ಮೈಮರೆತು ಕೈ ಬೀಸಿದೆ, ಎಳೆ ಕಡಿಯಿತು. ಆಂಟಿ ಅದರ ತುದಿಯನ್ನು ಮತ್ತೆ ಹುಡುಕಿ ಕೊಟ್ಟರು. ಆ ಮಧ್ಯಾಹ್ನವೆಲ್ಲ ನಾವು ಅದನ್ನೇ ಮಾಡಿದೆವು.

ಎರಡು ವರ್ಷದ ನಂತರ ಆಂಟಿಯ ಮನೆಯವರು ಷಿಕಾಗೋ ಪಕ್ಕದ ಸ್ಕೋಕಿಗೆ ಹೋದರು. ಅಲ್ಲಿ ಅವರ ಭಾವನ ಅಂಗಡಿ ಇತ್ತು. ಅಮ್ಮನೂ ಆಂಟಿಯೂ ಇವತ್ತಿಗೂ ಫೋನಿನಲ್ಲಿ ಮಾತಾಡುತ್ತಾರೆ. ಮೊನ್ನೆ ನಾನು ಅಮ್ಮನಿಗೆ ಆ ಬೇಸಿಗೆಯ ವಿಷಯ ಬರೆಯುತ್ತಿದ್ದೇನೆ ಎಂದೆ.

"ಯಾವ ಬೇಸಿಗೆ?" ಎಂದಳು.

"ಹುಳ ಸಾಕಿದ್ದು ಅಮ್ಮ."

"ಓ, ಅದಾ. ಅದೇ ವರ್ಷ ಅಲ್ವಾ ಅಕ್ಕ ನಂಗೆ ಡ್ರೈವಿಂಗ್ ಕಲಿಸಿದ್ದು? ಹೈವೇಲಿ ಎಕ್ಸಿಟ್ ತಪ್ಪಿಸಿಕೊಂಡು ಎಲ್ಲೆಲ್ಲೋ ಹೋಗಿ, ದಾರಿ ಗೊತ್ತಾಗದೆ, ಒಂದು ಡೋನಟ್ ಅಂಗಡಿ ಮುಂದೆ ಕಾರು ನಿಲ್ಸಿ ಇಬ್ರೂ ಕಾಫಿ ಕುಡಿದು ಬಂದ್ವಿ. ಅದನ್ನ ಬರಿ. ಎಷ್ಟು ಚೆನ್ನಾಗಿತ್ತು ಗೊತ್ತಾ?"

ಅದು ನನಗೆ ಗೊತ್ತಿರಲಿಲ್ಲ. ನಾನು ಆ ಕಾರಿನಲ್ಲಿ ಇರಲಿಲ್ಲ. ಪೆನ್ನು ಕೆಳಗಿಟ್ಟು, ಮೊದಲಿಂದ ಹೇಳು ಎಂದೆ.